ಇಬ್ಬರು ಅಪ್ಪಂದಿರ ಸಿಪಾಯಿ

ಸೂಳಗಿರಿ
3-12-1979

ಗೆಳೆಯ ಆವುಲಪ್ಪನಿಗೆ,

ನಿನ್ನ ಮುನಿವೆಂಕಟಪ್ಪನ ನಮಸ್ಕಾರ. ಯುಗಾದಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆಂದಿದ್ದರೆ ಮನಸಾರೆ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ನಿನಗೆ ಹೆಣ್ಣುಮಗು ಹುಟ್ಟಿದ ಸುದ್ದಿ ತಿಳಿದು ನಮಗೆಲ್ಲ ಬಹಳ ಸಂತೋಷ. ನಿನ್ನ ಮೂಗು ಬರದೆ ತಾಯಿಯ ಮೂಗು ಬಂದಿದ್ದರೆ ಇನ್ನೂ ಸಂತೋಷ.

ಇಲ್ಲಿ ರಾಗಿ ಕೊಯ್ಲು ನಡೆದಿದೆ. ನನಗೆ ಮಾತ್ರ ಯಾವ ಕೆಲಸದಲ್ಲೂ ಕೈ ನಿಲ್ಲುತ್ತಿಲ್ಲ. ಕುಡುಗೋಲು ಹಿಡಿದರೆ ಟಪಾಲು ಬಂತೇನೋ ಅನ್ನಿಸುತ್ತದೆ, ಅರ್ಧ ಸಾಲು ಬಿಟ್ಟು ರಸ್ತೆಗೆ ಓಡುತ್ತೇನೆ. "ಬಸ್ಸಿನ ಹಿಂದೆ ನಾಯಿ ಓಡ್ದಂಗೆ ಓಡ್ತದಲ್ಲ ಈವಯ್ಯ!" ಅಂತ ನನ್ನ ಹೆಂಡತಿ ರಾಮಕ್ಕ ನಗುತ್ತಾಳೆ. ನಗಲಿ. ಪಟ್ಟಾಳದವರು ನನ್ನನ್ನು ಸೈನ್ಯದಿಂದ ತೆಗೆದು ಕಳಿಸುವಾಗ "ಸುಳ್ಳು ಹೇಳಿ ರಜೆ ಪಡೆದವನು" ಎಂದು ಬರೆದರಲ್ಲ, ಆ ಮಾತನ್ನು ದಾಖಲೆಯಿಂದ ತೆಗೆಯಬೇಕೆಂದು ಮೇಲ್ಮನವಿ ಹಾಕಿದ್ದೇನೆ. ಕೆಲಸ ಹೋಯಿತು, ಹೋಗಲಿ. ಸುಳ್ಳುಗಾರ ಅನ್ನಿಸಿಕೊಂಡು ಸಾಯಲಾರೆ.

"ನಿಜವಾಗಿ ಯಾರು ಸತ್ತಿದ್ದೋ?" ಅಂತ ನೀನು ಕೇಳಿದ್ದೆ. ಇಷ್ಟು ವರ್ಷದಲ್ಲಿ ಹಾಗೆ ನೆಟ್ಟಗೆ ಕೇಳಿದವನು ನೀನೊಬ್ಬನೇ, ಅದಕ್ಕೇ ಹೇಳುತ್ತೇನೆ.

ನಮ್ಮ ದೊಡ್ಡಪ್ಪ ದಾಸಪ್ಪನಿಗೆ ಮಕ್ಕಳಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ನಮ್ಮಪ್ಪ ಚಿಕ್ಕಮುನಿಯಪ್ಪ ಊರ ಹಿರಿಯರನ್ನು ಕೂರಿಸಿ, ಎಲೆಅಡಿಕೆ ಇಟ್ಟು, ನನ್ನನ್ನು ಅಣ್ಣನ ಮಡಿಲಿಗೆ ಹಾಕಿದ. ಅದಕ್ಕೆಲ್ಲ ಕಾಗದಪತ್ರ ಯಾರು ಮಾಡಿಸುತ್ತಾರೆ? ಮನೆ ಒಂದೇ, ಒಲೆ ಒಂದೇ. ಇಬ್ಬರನ್ನೂ ಅಪ್ಪಾ ಅಂತಲೇ ಕರೆದು ಬೆಳೆದೆ. ಪಟ್ಟಾಳಕ್ಕೆ ಸೇರುವ ದಿನ ನನ್ನ ಜೊತೆಗೆ ಬಂದವನು ಹೆತ್ತಪ್ಪ. ತಂದೆಯ ಹೆಸರೇನು ಅಂದರು, ಪಕ್ಕದಲ್ಲಿ ನಿಂತಿದ್ದವನ ಹೆಸರು ಹೇಳಿಬಿಟ್ಟೆ.

ದೊಡ್ಡಪ್ಪ ತೀರಿಕೊಂಡಾಗ ಊರವರು "ತಂದೆ ತೀರಿಕೊಂಡರು, ಕೂಡಲೇ ಬಾ" ಎಂದು ತಂತಿ ಕೊಟ್ಟರು. ನಮ್ಮೂರಲ್ಲಿ ಅದು ಸತ್ಯ. ಕೊಳ್ಳಿ ಇಟ್ಟವನೂ ನಾನೇ, ತಲೆ ಬೋಳಿಸಿಕೊಂಡವನೂ ನಾನೇ. ತಿಥಿ ಮುಗಿಸಿ ಹೊರಡುವಷ್ಟರಲ್ಲಿ ರಜೆ ಮೀರಿತ್ತು. ಅದಕ್ಕೆ ಪಟ್ಟಾಳದವರು ವಿಚಾರಿಸಲು ಬರೆದರು; ಒಬ್ಬ ಪೊಲೀಸಿನವನು ಮನೆಯ ಮುಂದೆ ಬಂದು "ಚಿಕ್ಕಮುನಿಯಪ್ಪ ಇದ್ದಾರಾ?" ಎಂದು ಕೇಳಿದನಂತೆ. ಜಗಲಿಯ ಮೇಲೆ ಕೂತಿದ್ದ ಅಪ್ಪ, "ಇವ್ನಿ ಸ್ವಾಮಿ, ದೇವ್ರ ದಯದಿಂದ ಗುಂಡುಕಲ್ಲಿನಂಗೆ ಇವ್ನಿ" ಅಂದು ಮಜ್ಜಿಗೆ ಕೊಟ್ಟು ಕಳಿಸಿದ. ಸರ್ಕಾರ ತನ್ನ ಆರೋಗ್ಯ ವಿಚಾರಿಸಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಆಮೇಲೆ ಪಟ್ಟಾಳದಲ್ಲಿ ನಡೆದದ್ದನ್ನು ಜೊತೆಗಿದ್ದ ನೀನೇ ಕಣ್ಣಾರೆ ಕಂಡಿದ್ದೀಯ. "ಎಷ್ಟು ಜನ ಅಪ್ಪಂದಿರಯ್ಯ ನಿನಗೆ?" ಅಂತ ಸಾಹೇಬರು ನಕ್ಕಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ನೀನು ತೋಳು ಹಿಡಿದು ಎಳೆಯದಿದ್ದರೆ ಕೈಯೂ ಸುಮ್ಮನಿರುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ ರಸ್ತೆಗೆ ಹೋಗಿ ಬಂದೆ. ಟಪಾಲಿನಲ್ಲಿ ಏನೂ ಇಲ್ಲ.

ಕೃಷ್ಣಗಿರಿಯ ವಕೀಲ ಜಯರಾಮಯ್ಯನವರು ಅರ್ಜಿ ಬರೆದುಕೊಟ್ಟರು. ಬರೆಯುವ ಮೊದಲೇ ಒಂದು ಮಾತು ಹೇಳಿದರು: "ನಿಮ್ಮ ತಂದೆಯೇ ಬಂದು, ಇವನನ್ನು ಅಣ್ಣನಿಗೆ ಕೊಟ್ಟಿದ್ದೇನೆ, ಇವನು ನನ್ನ ಮಗನಲ್ಲ ಅಂತ ಹೇಳಿಕೆ ಕೊಡಬೇಕಪ್ಪ. ಅದಿಲ್ಲದೆ ಇದು ನಿಲ್ಲೋದಿಲ್ಲ." ಇದನ್ನು ಮನೆಗೆ ಬಂದು ಹೇಗೆ ಹೇಳಲಿ? ಉಗುಳಲಾರೆ, ನುಂಗಲಾರೆ. ಮಳೆಗಾಲವೆಲ್ಲ ಹೀಗೇ ಒದ್ದಾಡಿ ಕೊನೆಗೊಂದು ಬೆಳಿಗ್ಗೆ ಹೇಳಿದೆ. ಅಪ್ಪ ಎದ್ದು ಒಳಗೆ ಹೋದ. ಒಗೆದ ಪಂಚೆ ಉಟ್ಟು "ನಡಿ" ಅಂದ.

ಕಚೇರಿಯಲ್ಲಿ ಗುಮಾಸ್ತ ಹೇಳಿಕೆಯನ್ನು ತಮಿಳಿನಲ್ಲಿ ಓದಿದ. ಅಪ್ಪ ಇನ್ನೊಂದು ಸಲ ಓದಿಸಿದ. "ನನ್ ಬಾಯಿಂದ ಕೆಟ್ಟಿದ್ದು ನನ್ ಹೆಬ್ಬೆಟ್ಟಿಂದ್ಲೇ ಸರೋಗ್ಲಿ ಬುಡು" ಅಂದು ಒತ್ತಿದ. ಬರುವಾಗ ಬಸ್ಸಿನಲ್ಲಿ ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೇ ಹಾಕಿದ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಉತ್ತರ ಬರಲಿಲ್ಲ ಎನ್ನುವುದು ಒಂದು ಕಾರಣ. ನಿನಗೇನಾದರೂ ವಿಚಾರಣೆಯ ಕಾಗದ ಬಂದರೆ, ನಾನು ಬೋಳುತಲೆಯಲ್ಲಿ ವಾಪಸ್ಸು ಬಂದದ್ದನ್ನು ನೋಡಿದೆ ಅಂತ ಬರೆ. ಅಷ್ಟು ಸಾಕು. ಸುಮ್ಮನೆ ಯಾರೂ ತಲೆ ಬೋಳಿಸಿಕೊಳ್ಳುವುದಿಲ್ಲ.

ಮಗು ನೂರು ಕಾಲ ಬಾಳಲಿ, ಹುಟ್ಟಿದ ಮನೆಗೂ ಮೆಟ್ಟಿದ ಮನೆಗೂ ಬೆಳಕಾಗಲಿ. ತಂಗಿಗೆ ನಮ್ಮಿಬ್ಬರ ಆಶೀರ್ವಾದ.

ಇಂತಿ ನಿನ್ನ,
ಮುನಿವೆಂಕಟಪ್ಪ

ಮರೆತಿದ್ದೆ ಅಂದರೆ ಅದೇ ದೊಡ್ಡ ಸುಳ್ಳಾದೀತು. ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಮೊನ್ನೆ ಸಂತೆಯಲ್ಲಿ ದನದ ವ್ಯಾಪಾರಿ ಹೊಸಬನೊಬ್ಬ ನನ್ನನ್ನು ತೋರಿಸಿ, "ನಿಮ್ ಮಗನಾ ಯಜಮಾನ್ರೇ?" ಅಂತ ಅಪ್ಪನನ್ನು ಕೇಳಿದ. ಅಪ್ಪ ಆಕಡೆ ಈಕಡೆ ನೋಡಿ, "ಅಲ್ಲ ಕಣಪ್ಪ, ನಮ್ಮಣ್ಣನ ಮಗ" ಅಂದ. ಅವನು ಅತ್ತ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ: "ಯಾವ ಕಚೇರಿಯೋರು ಯಾವ ವೇಸದಲ್ಲಿ ಬತ್ತಾರೋ ಯಾರಿಗ್ಗೊತ್ತು. ಈ ಸಲ ನನ್ ಬಾಯಿಂದ ತಪ್ಪು ಬರಾಕಿಲ್ಲ. ಸರ್ಯಾಗೇಳ್ದೆ ಅಲ್ವೇನ್ಲಾ?"

"ಸರಿಯಾಗೇ ಹೇಳ್ದೆ" ಅಂದೆ. ಅದರ ಮುಂದೆ "ಅಪ್ಪಾ" ಅನ್ನಲು ನನಗೆ ಬಾಯಿ ಬರಲಿಲ್ಲ ಆವುಲಪ್ಪ.