ಪದ್ಮನಾಭಯ್ಯನವರ ಎರಡನೆಯ ಅಂಕ

ಹೊನ್ನಾವರ
೧೮ ಫೆಬ್ರುವರಿ ೨೦೨೪

ಪ್ರೀತಿಯ ಸುಮತಿ,

ಹೇಗಿದ್ದೀಯೆ? ಮೊಣಕಾಲಿನ ಆಪರೇಷನ್ ಆದ ಮೇಲೆ ಈಗ ಮೆಟ್ಟಿಲು ಹತ್ತುತ್ತಿದ್ದೀಯೆಂದು ತಿಳಿದು ಸಮಾಧಾನವಾಯಿತು. ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ. ಸಿಟ್ಟಾಗಬೇಡ. ನಿನ್ನ ದನಿ ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೆ ಬಾಯಿ ಬರಲಿಲ್ಲ. ಆದ್ದರಿಂದ ಈ ಕಾಗದ.

ನಮ್ಮ ಪದ್ಮನಾಭಯ್ಯನವರ ‘ವನವಾಸದ ದೊರೆ’ ನಾಟಕಕ್ಕೆ ನೂರು ವರ್ಷವಾಯಿತೆಂದು ಇಲ್ಲಿ ಅದನ್ನು ಆಡಿಸಿದರು. ಹಾಸ್ಟೆಲಿನಲ್ಲಿ ನೀನು “ಈ ಮನುಷ್ಯನನ್ನು ಇಷ್ಟು ಮೇಲೆ ಕೂರಿಸಬೇಡ ಮಾರಾಯ್ತಿ, ಬಡವರನ್ನು ಕಂಡರೆ ಅವನಿಗೆ ನಗು ಬರ್ತದೆ” ಎಂದದ್ದಕ್ಕೆ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆನಲ್ಲ, ಅದೇ ನಾಟಕ. ಕಾಲೇಜಿನಲ್ಲಿ ವರ್ಷಗಟ್ಟಲೆ ಅದನ್ನು ಪಾಠ ಮಾಡಿದವಳೆಂದು ಸಲಹೆಗೆ ನನ್ನನ್ನೇ ಕರೆದರು. ನಿರ್ದೇಶಕ ವಿಘ್ನೇಶ್ವರ ನನ್ನ ಹಳೆಯ ಶಿಷ್ಯ. ತಾಲೀಮಿನ ಮೊದಲ ದಿನವೇ ಕೇಳಿದ: “ಮೇಡಂ, ಎರಡನೇ ಅಂಕದ ಮೀನುಗಾರ್ತಿ ಸೀನು ತೆಗ್ದು ಹಾಕುವನಾ? ಈಗಿನ ಕಾಲಕ್ಕೆ ಸಮ ಕಾಣುದಿಲ್ಲ.”

“ಅಷ್ಟು ದೊಡ್ಡ ಕವಿಯನ್ನ ತಿದ್ದುಕೆ ನಾವ್ಯಾರು? ಒಂದಕ್ಷರ ಮುಟ್ಟಬೇಡ” ಎಂದೆ.

ನಾಟಕಕ್ಕೆ ಸೊಸೆ ಧನ್ಯಾಳನ್ನೂ ಅವಳ ತಾಯಿ ತಿಮ್ಮಿಯವರನ್ನೂ ಒತ್ತಾಯ ಮಾಡಿ ಕರೆದವಳೂ ನಾನೇ. ನಿನಗೆ ಗೊತ್ತಲ್ಲ, ತಿಮ್ಮಿ ಭಟ್ಕಳ ಪೇಟೆಯಲ್ಲಿ ಮೀನು ಮಾರುತ್ತಾರೆ. “ನಂಗೆಂತ ತಿಳೀತದೆ ಶಾಂಭಕ್ಕ” ಎಂದು ಹಿಂಜರಿದರೂ ತಮ್ಮೂರು ಬೆಳಕೆಯಿಂದ ಬಸ್ ಹಿಡಿದು ಬಂದರು. ಮಗಳ ಮದುವೆಯಲ್ಲಿ ಉಟ್ಟ ಸೀರೆ, ಮುಡಿಯಲ್ಲಿ ಅಬ್ಬಲಿಗೆ ಹೂವಿನ ದಂಡೆ. ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಹೆಮ್ಮೆಯಿತ್ತು, ಸುಳ್ಳೇಕೆ.

ಪಾಠ ಮಾಡುವಾಗ ಆ ಸೀನನ್ನು ನಾನು ‘ಹಾಸ್ಯ ಪ್ರಸಂಗ’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದೆ. ರಂಗದ ಮೇಲೆ ಅದು ಮುಗಿಯಲೇ ಇಲ್ಲ. ಮೀನಿನವಳು ಬಂದ ಕೂಡಲೇ ಮಂತ್ರಿ ಮೂಗು ಹಿಡಿದ. ಅವಳ ತೊದಲು ಕನ್ನಡವನ್ನು ಅಣಕಿಸಿದ. ಬುಟ್ಟಿ ಕಸಿದು ಅವಳ ತಲೆಯ ಮೇಲೆ ಬೋರಲು ಹಾಕಿ, ಕುಣಿ ಎಂದ. ಅವಳು ಕುಣಿದಳು. ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು.

ನಾಲ್ಕನೆಯ ಅಂಕದಲ್ಲಿ ದೊರೆ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನು ನನ್ನನ್ನು ಅಪ್ಪಾ ಎಂದು ಯಾರು ಕರೆಯುತ್ತಾರೆ ಎಂದು ಅಳುವ ಮಾತು ಬಂತು. ತಿಮ್ಮಿ ಸೆರಗು ಬಾಯಿಗೆ ಒತ್ತಿ ಅತ್ತರು. ಅವರ ದೊಡ್ಡ ಮಗ ದೋಣಿಯಲ್ಲಿ ಹೋದವನು ತಿರುಗಿ ಬಂದಿರಲಿಲ್ಲ. ನೋಡು ಸುಮತಿ, ನನಗೆ ಬಗೆಹರಿಯದ್ದು ಇದು. ಕೆಟ್ಟ ಕವಿಯಾಗಿದ್ದರೆ ಬಿಸಾಡಬಹುದಿತ್ತು. ಆ ಹೆಂಗಸನ್ನು ಕುಣಿಸಿದ ಕೈಯೇ ಈ ಹೆಂಗಸನ್ನು ಅಳಿಸಿತು.

ಮಾರನೆಯ ಬೆಳಿಗ್ಗೆ ತಾಯಿಯನ್ನು ಬಸ್ಸಿಗೆ ಬಿಟ್ಟು ಬಂದ ಧನ್ಯಾ ದೋಸೆ ಹೊಯ್ಯುತ್ತ, ನನ್ನ ಕಡೆ ನೋಡದೆ ಕೇಳಿದಳು: “ಅತ್ತೆ, ಅವ್ರು ದೊಡ್ಡ ಕವಿ ಹೌದು. ಆ ಸೀನು ತೆಗ್ದಿದ್ರೆ ಸಣ್ಣವ್ರಾಗ್ತಿದ್ರಾ?”

ತಟ್ಟೆ ಸರಿಸಿ ಎದ್ದೆ. ವಿಘ್ನೇಶ್ವರನಿಗೆ ಫೋನ್ ಮಾಡಿ, ಮುಂದಿನ ಕುಮಟೆಯ ಪ್ರದರ್ಶನದಲ್ಲಿ ಆ ಸೀನು ಬಿಡು ಎಂದೆ. “ಈಗ ಹೆಂಗೆ ಮೇಡಂ? ಎಲ್ರೂ ಅದನ್ನೇ ಹೊಗಳ್ತಿದ್ರು. ನೀವೇ ಬೇಕು ಅಂದದ್ದಲ್ವಾ?” ಎಂದ. ಕುಮಟೆಯಲ್ಲೂ ಆಡಿದರು. ಅಲ್ಲೂ ನಕ್ಕರಂತೆ. ಕವಿ ಸತ್ತು ಎಷ್ಟೋ ಕಾಲವಾಯಿತು. ಅವರ ಕೀರ್ತಿಯನ್ನು ಇಷ್ಟು ದಿನ ಹೊತ್ತವರು ನನ್ನಂಥ ಮೇಷ್ಟರುಗಳು. ಹೊರುವಾಗ ಒಳಗೇನಿದೆಯೆಂದು ನಾನು ಬಿಚ್ಚಿ ನೋಡಲಿಲ್ಲ.

ಕಳೆದ ಭಾನುವಾರ ಬೆಳಕೆಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ತಿಮ್ಮಿ ಎಳನೀರು ಕೊಟ್ಟರು, ಅಂಗಳದ ನೆರಳಿಗೆ ಕುರ್ಚಿ ತಂದು ಹಾಕಿದರು. ತಾವು ಮಾತ್ರ ಮೆಟ್ಟಿಲ ಮೇಲೆ ಕೂತರು. ನಾನು ನಾಟಕದ ಮಾತು ಎತ್ತಿದ ಕೂಡಲೇ, “ಅದೆಲ್ಲ ಆತು ಬಿಡಿ, ಅಮ್ಮಾ” ಎಂದರು. ಮದುವೆಯ ಮಾತುಕತೆಯ ದಿನದಿಂದ ಶಾಂಭಕ್ಕ ಎನ್ನುತ್ತಿದ್ದವರು. ಎಳನೀರು ಕುಡಿದು ಮುಗಿಸಿದೆ. ಕ್ಷಮೆ ಕೇಳದೆ ಎದ್ದು ಬಂದೆ.

ಕಾಲಿನ ಕಡೆ ನಿಗಾ ಇರಲಿ, ನೋವಿನ ಮಾತ್ರೆ ಹೆಚ್ಚು ನುಂಗಬೇಡ. ನಿನ್ನ ಮೊಮ್ಮಗಳು ಅಮೂಲ್ಯಾಳಿಗೆ ನನ್ನ ಮುತ್ತು. ಓದು ಚೆನ್ನಾಗಿ ತಲೆಗೆ ಹತ್ತಲಿ, ನೂರು ಕಾಲ ಸುಖವಾಗಿರಲಿ.

ನಿನ್ನ
ಶಾಂಭವಿ

ಮರೆತಿದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ‘ಸಭಾಂಗಣವೆಲ್ಲ ನಕ್ಕಿತು’ ಎಂದು ಬರೆದೆನಲ್ಲ. ಸುಮತಿ, ನಾನೂ ನಕ್ಕೆ. ಮಂತ್ರಿ ಮೂಗು ಹಿಡಿದಾಗ ತಡೆಯಲಾಗದೆ ಜೋರಾಗಿ ನಕ್ಕೆ. ತಿಮ್ಮಿ ತಿರುಗಿ ನನ್ನ ಮುಖ ನೋಡಿದರು. ಆಮೇಲೆ, ನನಗೆ ಮುಜುಗರವಾಗಬಾರದೆಂದು ಇರಬೇಕು, ಅವರೂ ನಕ್ಕರು.