ಹತ್ತನೆಯ ಹಾಡಿನ ನಂತರ

ಅನಂತಪುರ, ತಾ. ಅಥಣಿ
೧೯ ಆಗಸ್ಟ್ ೨೦೨೫

ಪ್ರೀತಿಯ ಮಾಳೇಶಣ್ಣನಿಗೆ,

ತಂಗಿ ರಾಜೇಶ್ವರಿಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮ. ನೀನೂ ಇಚಲಕರಂಜಿಯಲ್ಲಿ ಆ ಮಗ್ಗಗಳ ಖಟಪಟಿಯ ನಡುವೆ ಆರಾಮಾಗಿದ್ದೀ ಎಂದುಕೊಂಡಿದ್ದೇನೆ. ಕಾಗದ ಬರೆಯಲು ತಡವಾಯಿತು. ಎಷ್ಟು ವರ್ಷ ತಡವೆಂದು ಎಣಿಸಬೇಡ, ನನಗೇ ನಾಚಿಕೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಹೂಂ, ಬರೋಬರ್, ಇಡ್ತೀನಿ" ಎಂಬ ಮೂರು ಮಾತಿಗೆ ನಾಲ್ಕನೆಯದು ಸೇರುವುದಿಲ್ಲ. ಕಾಗದವನ್ನು ಹಾಗೆ ನಡುವೆ ಇಟ್ಟುಬಿಡಲು ಬರುವುದಿಲ್ಲವಲ್ಲ, ಅದಕ್ಕೇ ಪೆನ್ನು ಹಿಡಿದೆ.

ನನಗೇನು ಬೇಕೆಂದು ಮೊದಲೇ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಹದಿನಾಲ್ಕರ ರವಿವಾರ ನೀನು ನಿಪ್ಪಾಣಿಗೆ ಬರಬೇಕು. ಬಂದು ಬೆಂಜೋ ಬಾರಿಸಬೇಕು. ಹದಿನಾರು ವರ್ಷದಿಂದ ನೀನು ಮುಟ್ಟದ ಅದೇ ಬೆಂಜೋ. ಯಾಕೆ ಅನ್ನುವುದು ಮುಂದಿದೆ. ಅರ್ಧ ಓದಿ ಮಡಚಿ ಕಿಸೆಗೆ ಹಾಕಿದರೆ ನಿನಗೆ ಅವ್ವನ ಆಣೆ.

ನಿನ್ನ ಸೋದರಳಿಯ ಭರತ ಮತ್ತು ನನ್ನ ಸೊಸೆ ಸ್ನೇಹಲ ಕೂಡಿ ಪಾಡ್‌ಕಾಸ್ಟ್ ಎಂಬುದೊಂದನ್ನು ಸುರು ಮಾಡಿದ್ದಾರೆ. ರೇಡಿಯೋ ಇದ್ದ ಹಾಗೆ, ಆದರೆ ಜನ ತಮಗೆ ಬೇಕಾದಾಗ ಫೋನಿನಲ್ಲಿ ಹಚ್ಚಿಕೊಂಡು ಕೇಳುತ್ತಾರೆ. ಅದರ ಹೆಸರು 'ದಂಡಿ ಮ್ಯಾಲ ಕುಂತು'. ವಿಷಯ ಒಂದೇ, ನಿಮ್ಮ ಹೊಳಿದಂಡಿ ಬ್ಯಾಂಡು. ಅದರಲ್ಲೂ ಎಂಟು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದ ನೀವು ಮತ್ತೆ ಕೂಡಿ ೨೦೦೯ರಲ್ಲಿ ತಂದ ಆ ಸಿ.ಡಿ., 'ಮತ್ತ ನೀರ ಬಂತು'. ಹತ್ತು ಹಾಡು, ಹತ್ತು ವಾರ. ವಾರಕ್ಕೊಂದು ಹಾಡು ಕೇಳುವುದು, ಕೇಳಿ ಜಗಳಾಡುವುದು.

ಸ್ಟುಡಿಯೋ ಎಲ್ಲಿ ಅಂತೀ? ನಮ್ಮ ಒಣದ್ರಾಕ್ಷಿ ಶೆಡ್ಡು. ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಹಣ್ಣು ಹರವುವ ಜಾಳಿಗೆಗಳ ಮೇಲೆ ಗೋಣಿಚೀಲ ಇಳಿಬಿಟ್ಟರೆ ದನಿ ತಿರುಗಿ ಬಡಿಯುವುದಿಲ್ಲ ಎಂದು ಸ್ನೇಹಲ ಕಂಡುಹಿಡಿದಳು. ನಿಪ್ಪಾಣಿಯ ಹುಡುಗಿ, ಕೈ ಕೆಲಸದಲ್ಲಿ, ಬಾಯಿ ಮರಾಠಿಯಲ್ಲಿ. ನಮ್ಮ ಜೊತೆ ನಾಲ್ಕನೆಯವನು ನಿನ್ನ ಗೆಳೆಯ ಲಗಮಣ್ಣ. ಸದಲಗಾದಲ್ಲಿ ಎಮ್ಮೆಗಳಿಗೆ ನೀರು ಕುಡಿಸಿ, ಡೇರಿಗೆ ಹಾಲು ಹಾಕಿ, ಪ್ರತಿ ರವಿವಾರ ತನ್ನ ಸಿ.ಡಿ.ಯನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಇಷ್ಟು ದೂರ ಬರುತ್ತಿದ್ದ. ನಿನ್ನದೂ ಒಂದು ಇತ್ತಲ್ಲ ಅವ್ವಾ ಎಂದು ಭರತ ಕೇಳಿದ. ಎಲ್ಲೋ ಇಟ್ಟೀನಿ ಎಂದೆ.

ಆ ಸಿ.ಡಿ. ಬಂದಾಗ ಜನ ಏನೆಂದಿದ್ದರು, ನಿನಗೆ ನೆನಪಿರಲೇಬೇಕು. ಗಣಪತಿ ಮುಂದೆ ಕುಣಿಯಲು ಬಾರದ ಹಾಡು, ಮುದುಕರ ಹಾಡು ಎಂದರು. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ಹಿತ್ತಲ ಗಿಡ ಮೆಲ್ಲಗೆ ಹಾಡಿದರೆ ಮುಗಿದೇಹೋಯಿತು. ಈಗ ನೋಡು ತಮಾಷೆ. ಮೂರನೆಯ ವಾರಕ್ಕೇ ಫೋನಿಗೆ ಜನರ ದನಿ ಬಂದು ಬೀಳತೊಡಗಿದವು. ರಾಯಬಾಗದಿಂದ, ಕಾಗವಾಡದಿಂದ, ಎಲ್ಲೆಲ್ಲಿಂದಲೋ. ಚಿಂಚಲಿಯ ಕುರಿ ಕಾಯುವ ಮಾಳಸಿದ್ದ ಎಂಬಾತ ಕುರಿಗಳ ಗಂಟೆ ಸಪ್ಪಳದ ನಡುವೆಯೇ ಮಾತಾಡಿ ಕಳಿಸಿದ್ದ. ಅವನ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ: "ಆವಾಗ ನನಗ ಇಪ್ಪತ್ತ ವರ್ಸರಿ, ಕುಣಿಯೂ ಹಾಡ ಬೇಕಾಗಿತ್ತು. ಈಗ ಮೂವತ್ತಾರ. ಈಗ ಈ ಹಾಡ ನನ್ನ ವಯಸ್ಸಿಗೆ ಬಂದೈತಿ. ಹಾಡಿನ ತಪ್ಪ ಇರಲಿಲ್ಲರಿ, ನಾವ ಸಣ್ಣಾವ್ರಿದ್ವಿ."

ಅದನ್ನು ಕೇಳಿ ಲಗಮಣ್ಣ ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಸೆಕೆ ಎಂದು ನೆವ ಹೇಳಿದ, ನಾವೂ ನಂಬಿದೆವು.

ಇನ್ನು ಹತ್ತನೆಯ ವಾರದ ಮಾತು. ಜೂನಿನ ಕೊನೆಯ ರವಿವಾರ, ಹೊತ್ತು ಹನ್ನೊಂದು. ಹತ್ತನೆಯ ಹಾಡು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂತು. ನಮ್ಮ ಕಡೆಯವರ ಗುಣ ನಿನಗೆ ಗೊತ್ತೇ ಇದೆ. ತಾಳಿ ಕಟ್ಟುವಾಗ ಕರೆಂಟು ಬಂದರೂ ಮದುಮಗ ಮೋಟರಿಗೆ ಓಡಿಯೇ ಓಡುತ್ತಾನೆ. ಭರತ ಬೋರಿಗೆ ಓಡಿದ, ಸ್ನೇಹಲ ಡ್ರಿಪ್ಪಿನ ವಾಲ್ವು ತಿರುಗಿಸಲು ಓಡಿದಳು. ಲಗಮಣ್ಣ ಯಾಕೆ ಓಡಿದನೋ ದೇವರೇ ಬಲ್ಲ, ಬೋರೂ ಅವನದಲ್ಲ, ಹೊಲವೂ ಅವನದಲ್ಲ. ಶೆಡ್ಡಿನಲ್ಲಿ ಉಳಿದದ್ದು ನಾನು, ತಿರುಗುತ್ತಿದ್ದ ಸಿ.ಡಿ. ಮತ್ತು ಯಾರೂ ಬಂದ್ ಮಾಡದೆ ಬಿಟ್ಟ ಮೈಕು.

ಹಾಡು ಮುಗಿಯಿತು. ಮೊಣಕಾಲು ನೋವಿಗೆ ನಾನು ಏಳಲಿಲ್ಲ. ಒಂದು ನಿಮಿಷ, ಎರಡು, ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ನಮ್ಮ ಸದಲಗಾದ ದನದ ಕೊಟ್ಟಿಗೆ ಕೇಳಿಸಿತು. ಎಮ್ಮೆ ಕೊಂಬು ಕಂಬಕ್ಕೆ ತಿಕ್ಕುವ ಸಪ್ಪಳ. ಹಿಂದಿನಿಂದ ಅವ್ವ, "ಹಾಲ ಉಕ್ಕಾಕತ್ತೈತಿ ನೋಡ ರಾಜಿ." ನಿನ್ನ ಬೆಂಜೋ. ಅದರ ಮೇಲೆ ನಾನು. ಹದಿನೇಳು ವರ್ಷದ ನಾನು.

*ಆಚಿ ದಂಡ್ಯಾಗ ಯಾರದಾರ, ಈಚಿ ದಂಡ್ಯಾಗ ಯಾರ,*
*ನಡಕ ಹರಿಯೂ ನೀರಿನ ಹೆಸರ ಕೇಳಾಂವರ್ಯಾರ.*

ಆ ಹಾಡು ನಾವಿಬ್ಬರೂ ಕೂಡಿ ಕಟ್ಟಿದ್ದು, ಅಂದು ಕೊಟ್ಟಿಗೆಯಲ್ಲಿ ಟೇಪಿಗೆ ಹಿಡಿದದ್ದನ್ನು ನೀನೇ ಸಿ.ಡಿ.ಯ ಕೊನೆಗೆ ಸೇರಿಸಿದ್ದೆ. ೧೯೯೦ರಲ್ಲಿ ನಿಮ್ಮ ಮೊದಲ ಕ್ಯಾಸೆಟ್ಟಿಗೆ ನಾನೇ ಹಾಡುವುದೆಂದು ಹೊಸ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಕೊಲ್ಲಾಪುರಕ್ಕೆ ಬಂದಿದ್ದೆ. ಸ್ಟುಡಿಯೋದ ಯಜಮಾನ ಒಂದು ಸಾಲು ಕೇಳಿ, ದನಿ ಗಾವರಾನ್, ಹಳ್ಳೀದ ಐತಿ, ಬ್ಯಾಡ ಎಂದ. ಗಾವರಾನ್ ಕೋಳಿ ಎಲ್ಲರಿಗೂ ಬೇಕು, ಗಾವರಾನ್ ದನಿ ಯಾರಿಗೂ ಬೇಡ. ಬಾಡಿಗೆಗೆ ಬಂದ ಒಬ್ಬಾಕೆ ನನ್ನ ಹಾಡು ಹಾಡಿದಳು. ನಾನು ಹೊರಗೆ ಬೆಂಚಿನ ಮೇಲೆ ರೊಟ್ಟಿಗಂಟು ಹಿಡಿದು ಕುಳಿತಿದ್ದೆ. ನೀನು ತಲೆ ಬಗ್ಗಿಸಿ ಬೆಂಜೋ ಬಾರಿಸಿದೆ. ಆಮೇಲೆ ನಾನೇ ನಿಮ್ಮ ಬ್ಯಾಂಡಿನ ಎಲ್ಲರಿಗಿಂತ ದೊಡ್ಡ ಅಭಿಮಾನಿ ಎನಿಸಿಕೊಂಡೆ. ಸಿಳ್ಳೆ ಹೊಡೆದೆ, ಚಪ್ಪಾಳೆ ತಟ್ಟಿದೆ. ಆ ಒಂದು ಹಾಡು ಬಂದಾಗ ಮಾತ್ರ ನೀರು ಕುಡಿಯುವ ನೆವದಲ್ಲಿ ಎದ್ದುಹೋಗುತ್ತಿದ್ದೆ.

ಭರತ ಒದ್ದೆ ಕಾಲಲ್ಲಿ ತಿರುಗಿ ಬಂದು ಬಾಗಿಲಲ್ಲೇ ನಿಂತ. ಇದು ಯಾರ ದನಿ ಎಂದು ಕೇಳಿದ. ನಂದ ಎಂದೆ. ಲಗಮಣ್ಣ ತನ್ನ ಹಣೆ ಹಣೆ ಬಡಿದುಕೊಂಡ. ಹದಿನಾರು ವರ್ಷ ಟ್ರ್ಯಾಕ್ಟರಿನಲ್ಲಿ ಅದೇ ಸಿ.ಡಿ. ಹಾಕಿದ್ದಾನೆ, ಆದರೆ ಹತ್ತನೆಯದು ಮುಗಿಯುವ ಮೊದಲೇ ಒಂದನೆಯದಕ್ಕೆ ತಿರುಗಿಸುತ್ತಿದ್ದನಂತೆ. ನಿನಗೆ ಮೊದಲ ಗೊತ್ತಿತ್ತೇನ ಅವ್ವಾ ಎಂದು ಭರತ ಕೇಳಿದಾಗ, ಗೊತ್ತಿಲ್ದ ಏನ ಎಂದೆ. ಹಾಡು ಮುಗಿದ ಮೇಲೆ ನಿನ್ನ ದನಿಯಲ್ಲಿ ಎರಡು ಮಾತಿವೆಯಲ್ಲ, ಅವನ್ನು ಮಾತ್ರ ಪಾಡ್‌ಕಾಸ್ಟಿನಿಂದ ತೆಗೆಸಿದೆ. ಅವು ಊರಿಗೆ ಹೇಳಿದ ಮಾತಲ್ಲ.

ಆ ವಾರ ಏನಾಯಿತು ಅಂತೀ! ಒಂದು ಲಕ್ಷದ ಮೇಲೆ ಜನ ಕೇಳಿದರು. ಮನೆ ಮನೆಯಲ್ಲಿ ಹಳೆಯ ಸಿ.ಡಿ. ಹುಡುಕಿ, ಹತ್ತನೆಯ ಹಾಡು ಮುಗಿಸಿ, ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕುಳಿತರಂತೆ. ಉತ್ತಮನ ಹೆಸರು ಹೇಳಿದರೆ ಮೊದಲು ಯಾವ ಉತ್ತಮ ಎನ್ನುತ್ತಿದ್ದವರು ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದರು. ನಿಮ್ಮ ಹಾಡುಗಾರನೇ, ಗೊತ್ತಲ್ಲ, ಜಂಬಕ್ಕೇನು ಕಡಿಮೆ, ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದ. ಅವನೂ ಡ್ರಮ್ಮಿನ ಲಖನನೂ ಕೂಡಿ, ಚಿಕ್ಕೋಡಿಯಲ್ಲಿ ಒಂದು ಕಾರ್ಯಕ್ರಮ ಮಾಡೇಬಿಡೋಣ ಎಂದರು.

ಈ ತಿಂಗಳು ಹತ್ತಕ್ಕೆ, ಮಧ್ಯಾಹ್ನ. ಮಂಗಲ ಕಾರ್ಯಾಲಯದಲ್ಲಿ ಮುನ್ನೂರು ಕುರ್ಚಿ ಹಾಕಿಸಿದ್ದೆವು, ಏಳುನೂರು ಜನ ಬಂದರು. ಕಿಟಕಿಗಳಲ್ಲಿ ಕುಳಿತರು. ನಿನ್ನ ಜಾಗಕ್ಕೆ ಮಿರಜದಿಂದ ಒಬ್ಬನನ್ನು ಕರೆಸೋಣ ಎಂದು ಉತ್ತಮ ಅಂದಿದ್ದ. ಲಗಮಣ್ಣ ಎದ್ದುನಿಂತು, "ಮಾಳೇಶನ ಜಾಗಾಕ್ಕ ಬಾಡಿಗಿ ಮನಷ್ಯಾ ಬ್ಯಾಡ. ಅಂವಂದ ಬೆಂಜೋ ಇಡೂಣು, ಬಾಯಿಲೆ ನಾವ ಬಾರಸ್ತೀವಿ" ಎಂದ. ನೀನು ಅವನ ಮನೆಯಲ್ಲಿ ಬಿಟ್ಟುಹೋದ ಆ ಬೆಂಜೋಗೆ ಅವನು ಪ್ರತಿ ದೀಪಾವಳಿಗೆ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದಾನೆ, ಗೊತ್ತೇನು? ವೇದಿಕೆಯ ಮೇಲೆ ಟೇಬಲ್ಲು, ಟೇಬಲ್ಲಿನ ಮೇಲೆ ಅದು, ಹಿಂದೆ ಖಾಲಿ ಕುರ್ಚಿ. ಬೆಂಜೋ ಬರುವ ಜಾಗ ಬಂದಾಗೆಲ್ಲ ಏಳುನೂರು ಜನ ಬಾಯಿಂದ 'ಟಿಣಿಣಿ ಟಿಣಿಣಿ' ಎಂದರು, ಒಂದು ಸುರ ತಪ್ಪಿಲ್ಲ. ಯಾರೂ ಕೇಳದ ಹಾಡುಗಳಣ್ಣಾ ಇವು. ಎಲ್ಲರಿಗೂ ಬಾಯಿಪಾಠ.

ಕೊನೆಗೆ ಸ್ನೇಹಲ ಮೈಕು ಹಿಡಿದು, 'ಆಚಿ ದಂಡ್ಯಾಗ' ಹಾಡನ್ನು ಮೂವತ್ತೈದು ವರ್ಷದ ಹಿಂದೆ ಮೊದಲು ಹಾಡಿದವರು ರಾಜೇಶ್ವರಿ ಎಂದು ನನ್ನ ಹೆಸರು ಕೂಗಿದಳು. ಎದ್ದು ವೇದಿಕೆ ಹತ್ತಿದೆ. ಐವತ್ತೆರಡು ವರ್ಷದ ಹೆಂಗಸು, ದನಿ ತೊಗಟೆಗಟ್ಟಿದೆ. ಆದರೂ ಹಾಡಿದೆ. ಎರಡನೆಯ ಸಾಲಿಗೆ ಸಭೆ ಎದ್ದುನಿಂತಿತ್ತು. ಮುಗಿದ ಮೇಲೆ ಮುದುಕಿಯೊಬ್ಬಳು ನನ್ನ ಗಲ್ಲ ಹಿಡಿದು, "ಇಷ್ಟ ದಿನಾ ಎಲ್ಲಿದ್ದಿ ಬೇ?" ಎಂದಳು. ಇಲ್ಲೇ ಇದ್ದೆ ಎಂದೆ. ನಮ್ಮ ಮನೆಯವರು, ಮೂವತ್ತಮೂರು ವರ್ಷದಲ್ಲಿ ನನ್ನ ಅಡುಗೆಯನ್ನು ಸಹ ಹೊಗಳದ ಮನುಷ್ಯ, ದಾರಿಯುದ್ದಕ್ಕೂ ಆ ಹಾಡನ್ನು ತಪ್ಪು ತಪ್ಪಾಗಿ ಗುನುಗುತ್ತ ಗಾಡಿ ಓಡಿಸಿದರು. ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ. ಗೆದ್ದೆವು ಅಣ್ಣಾ. ತಡವಾಗಿ ಗೆದ್ದೆವು, ಆದರೆ ಪೂರ್ತಿ ಗೆದ್ದೆವು.

ಒಂದೇ ಕೊರತೆ, ಆ ಕುರ್ಚಿ. ಮುಂದಿನ ಕಾರ್ಯಕ್ರಮ ನಿಪ್ಪಾಣಿಯಲ್ಲಿ, ಅಲ್ಲಿಯೂ ಅದನ್ನು ಹಾಗೆಯೇ ಇಡಲು ನನಗೆ ಮನಸ್ಸಿಲ್ಲ. ನಿನಗೆ ಬೆರಳು ಬಗ್ಗದಿದ್ದರೆ ಸುಮ್ಮನೆ ಬಂದು ಕುಳಿತುಕೋ. ಉಳಿದದ್ದನ್ನು ಜನ ಬಾಯಿಂದ ನೋಡಿಕೊಳ್ಳುತ್ತಾರೆ.

ವೈನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗಿಂತ ಚಿಕ್ಕವಳು, ನಿನ್ನನ್ನು ಹರಸಲು ಬಾರದು. ಆದರೂ ಅವ್ವ ಇದ್ದಿದ್ದರೆ ಅನ್ನುತ್ತಿದ್ದ ಮಾತನ್ನು ಅವಳ ಪರವಾಗಿ ಬರೆಯುತ್ತೇನೆ: ನಿನ್ನ ಕೈ ತಣ್ಣಗಿರಲಿ.

ಇಂತಿ ನಿನ್ನ ತಂಗಿ,
ರಾಜಿ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ಸಿ.ಡಿ. ಮಾರಾಟ ಆಗಲಿಲ್ಲವೆಂದು ನೀನು ಬೆಂಜೋ ಬಿಟ್ಟೆ ಎಂದು ಉತ್ತಮ ಹೇಳುತ್ತಾನೆ. ಮೈಕಿನಲ್ಲಿ ನಾನೂ ಹಾಗೇ ಹೇಳಿದೆ. ಅದು ಹಾಗಲ್ಲವೆಂದು ಆ ಶೆಡ್ಡಿನಲ್ಲಿ ಒಬ್ಬಳೇ ಕುಳಿತಾಗ ಗೊತ್ತಾಯಿತು.

ಸಿ.ಡಿ. ಕಳಿಸಿದ ಎಂಟು ದಿನಕ್ಕೆ ನೀನು ಫೋನು ಮಾಡಿದ್ದೆ. "ಕೇಳಿದ್ಯಾ?" ಎಂದೆ ನೀನು. ಕೇಳಿದೆ, ಛಲೋ ಐತಿ ಎಂದೆ ನಾನು. "ಪೂರಾ ಕೇಳಿದ್ಯಾ?" ಎಂದೆ ನೀನು. ಪೂರಾ ಎಂದೆ ನಾನು. ಆ ಕಡೆಯಿಂದ ನೀನು, "ಹೂಂ, ಬರೋಬರ್, ಇಡ್ತೀನಿ" ಎಂದೆ.

ಅಣ್ಣಾ, ನಾನು ಕೇಳಿರಲೇ ಇಲ್ಲ. ಹತ್ತೊಂಬತ್ತು ವರ್ಷದ ಸಿಟ್ಟು ನನ್ನದು. ಸಿ.ಡಿ.ಯನ್ನು ಬಿಚ್ಚದೆಯೇ ಟ್ರಂಕಿನ ತಳದಲ್ಲಿ, ಆ ಕೊಲ್ಲಾಪುರದ ಸೀರೆಯ ಕೆಳಗೆ ಇಟ್ಟುಬಿಟ್ಟಿದ್ದೆ. ಅದರ ಪ್ಲಾಸ್ಟಿಕ್ಕು ಹರಿದದ್ದು ಈ ಜೂನಿನಲ್ಲಿ, ಅವರೆಲ್ಲ ಊಟಕ್ಕೆ ಹೋದಾಗ. ಭರತನಿಗೂ ಇದು ಗೊತ್ತಿಲ್ಲ. ಅದರ ಕೊನೆಯಲ್ಲಿ ನಿನ್ನ ಆ ಎರಡು ಮಾತು: "ರಾಜಿ, ಅವತ್ತ ನಾ ಬಾಯಿ ತೆರೀಬೇಕಾಗಿತ್ತು. ತೆರೀಲಿಲ್ಲ, ತಪ್ಪಾತು." ನೀನು ಇಷ್ಟು ಹೇಳಿದ್ದನ್ನು ಕೇಳಿಯೂ ತಂಗಿ ಬರೀ ಛಲೋ ಐತಿ ಎಂದಳು ಅಂದುಕೊಂಡು ಹದಿನಾರು ವರ್ಷ ಕಳೆದೆಯಲ್ಲ.

ನಿಪ್ಪಾಣಿಗೆ ಬರದಿದ್ದರೂ ಪರವಾಗಿಲ್ಲ. ಒಮ್ಮೆ ಫೋನು ಮಾಡಿ ಅದೇ ಮಾತು ಕೇಳು, ಪೂರಾ ಕೇಳಿದ್ಯಾ ಎಂದು. ಈ ಸಲ ಖರೇ ಹೇಳುತ್ತೇನೆ.