ಆ ಐದು ಕಿಲೋಮೀಟರ್

ಜನವರಿ 11, ಭಾನುವಾರ, ಬೆಳಿಗ್ಗೆ 11

ಮತ್ತೆ ಮಗುಚಿಬಿದ್ದೆ. ಚೆನ್ನೈ ಪಕ್ಕದ ಕೋವಲಂನ ಉಪ್ಪುನೀರು ಮೂಗಿನಲ್ಲಿ ಇನ್ನೂ ಉರಿಯುತ್ತಿದೆ. ಆದರೆ ಇವತ್ತು ಯಾರೂ ಎತ್ತದೆ ನಾನೇ ಕಯಾಕ್ ದೋಣಿ ಹತ್ತಿದೆ! “ಆಂಟಿ, ಪಾಸ್,” ಎಂದಳು ಕೋಚ್ ರಚನಾ. ಐವತ್ತಮೂರು ವರ್ಷದ ಬ್ಯಾಂಕ್ ಗುಮಾಸ್ತೆ ಪಾಸ್. ಫೆಬ್ರವರಿಯಲ್ಲಿ ಮಲ್ಪೆಯಿಂದ ಬೈಂದೂರು, ಕಡಲಲ್ಲೇ. ನಾಲ್ಕು ದಿನ, ಐದು ಹೆಂಗಸರು. ಎಲ್ಲೆಲ್ಲಿ ದಡಕ್ಕೆ ಇಳಿಯುವುದು ಎಂಬ ಪಟ್ಟಿ ನನ್ನ ಪಾಲಿಗೆ. ಆ ಕಡೆಯವಳು ನಾನೊಬ್ಬಳೇ ತಾನೇ.

ಜನವರಿ 13

ಪ್ಯಾರೀಸ್ ಕಾರ್ನರಿನಲ್ಲಿ ನೀರು ಹೋಗದ ಚೀಲ ಕೊಂಡೆ. ಮನೆಗೆ ಬಂದರೆ ಇವರು ಆಗಲೇ ತಮ್ಮ ಪುರಸೈವಾಕ್ಕಂ ಹೋಟೆಲಿನಿಂದ ಬಂದು ನನ್ನ ಮ್ಯಾಪ್ ನೋಡುತ್ತಿದ್ದರು. ಮುಖ ಸುಟ್ಟ ಬದನೆಕಾಯಿ.

“ಎಲ್ಲಿಂದ ಬೇಕಾದ್ರೂ ಹೋಗು ಮಾರಾಯ್ತಿ. ನಮ್ಮೂರಿನ ಎದುರು ಮಾತ್ರ ಬೇಡ. ಆ ಐದು ಕಿಲೋಮೀಟರ್ ಆಟೋದಲ್ಲಿ ದಾಟು.”

“ದೋಣಿಯನ್ನ ತೊಡೆ ಮೇಲೆ ಇಟ್ಕೊಂಡಾ?”

“ಮನೆ ಸೊಸೆ ಚಡ್ಡಿ ಹಾಕ್ಕೊಂಡು ಹುಟ್ಟು ಹಾಕೋದನ್ನ ಊರೆಲ್ಲ ನೋಡ್ಬೇಕಾ? ಅಮ್ಮನಿಗೆ ಗೊತ್ತಾದ್ರೆ ಎದೆ ಒಡೀತದೆ.”

ಅಮ್ಮ, ಅಮ್ಮ, ಅಮ್ಮ. ಕೂದಲು ಕತ್ತರಿಸಿದಾಗಲೂ ಅಮ್ಮನ ಎದೆ. ಸ್ಕೂಟರ್ ಕಲಿತಾಗಲೂ ಅಮ್ಮನ ಎದೆ. ಇಪ್ಪತ್ತೇಳು ವರ್ಷ! ಅತ್ತೆಯನ್ನು ಕೇಳಿದವರು ಯಾರು? ನಾನೂ ಕೇಳಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು.

ಜನವರಿ 25

ಹನ್ನೆರಡು ದಿನದಿಂದ ಇವರ ಜೊತೆ ಮಾತಿಲ್ಲ. ಮಗಳು ವೀಕ್ಷಾಳ ರಾಜಿ ಪಂಚಾಯಿತಿ — “ಅಮ್ಮಾ, ಅದ ಮಟ್ಟುಂ ಸ್ಕಿಪ್ ಪಣ್ಣಿಡೇನ್. ಅಪ್ಪಾ ಪಾವಂ.” ಆ ಐದು ಕಿಲೋಮೀಟರ್ ಮಾತ್ರ ಬಿಟ್ಟುಬಿಡಬೇಕಂತೆ, ಅಪ್ಪ ಪಾಪವಂತೆ! ನಾನೇನು ಕಲ್ಲೇ?

ಪಟ್ಟಿ ತೆಗೆದೆ. ಮೂರನೆಯ ದಿನ ಊಟಕ್ಕೆ ಇಳಿಯುವ ಜಾಗ ಹೊಡೆದುಹಾಕಿದೆ. ಇವರ ಮನೆಯ ಎದುರಿನ ದಡ ಎಂದು ಬರೆದೆ. ಪೆನ್ಸಿಲ್ ಅಲ್ಲ, ಪೆನ್ನಿನಲ್ಲಿ.

ಜನವರಿ 26, ಬೆಳಿಗ್ಗೆ 9

ಬ್ಯಾಂಕಿಗೆ ರಜೆ. ಅತ್ತೆಗೆ ನಾನೇ ಫೋನ್ ಮಾಡಿದೆ. ಇವರು ಪೇಪರ್ ಹಿಡಿದು ಎದುರಿಗೇ ಇದ್ದರು. ಇರಲಿ, ಕೇಳಲಿ ಎಂದು ಸ್ಪೀಕರ್ ಹಾಕಿದೆ. ಎಲ್ಲ ಹೇಳಿದೆ... ಕಡಲು, ಕಯಾಕ್, ಚಡ್ಡಿ ಸಮೇತ.

ಅತ್ತೆ ಬಾಯಿ ತೆರೆಯುವ ಮೊದಲೇ ಇವರು ಗೆದ್ದವರಂತೆ ಪೇಪರ್ ಮಡಚಿದರು.

“ತೆಂಕ್ ಬದಿಯಂಗ್ ಇಳಿಬ್ಯಾಡ, ನೀರಡಿ ಕಲ್ಲ್ ಇತ್,” ಎಂದರು ಅತ್ತೆ. “ಬಡಗ್ ಬದಿಯಂಗ್ ಬಾ. ಆ ಕಡಲ್ ನಾನ್ ಅರವತ್ತ್ ವರ್ಷದಿಂದ ಕಾಂತಿದ್ದೆ.” ಕೂಡಲೇ, “ಊಟಕ್ಕ್ ಎಷ್ಟ್ ಜನ?”

ಐದು ಎಂದೆ. ಆಮೇಲೆ ಇವರ ಮುಖ ನೋಡಿ, “ಆರು ಅನ್ನಲಾ? ನೀವು ಆಟೋದಲ್ಲಿ ಬನ್ನಿ,” ಎಂದೆ. ಇವರು ಮಡಚಿದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಹಿಡಿದರು, ತಲೆಕೆಳಗಾಗಿ.